ಕೈದಿಯ ಕುರ್ಚಿ

ಸೆರೆಸಿಕ್ಕ ವೈರಿ ಸೈನಿಕನನ್ನು ಹೊಡೆದು ಬಾಯಿ ಬಿಡಿಸುವುದು ಸರಿಯೇ ಎಂಬ ಚರ್ಚೆ ತರಗತಿಯಲ್ಲಿ ಕಾವೇರಿತ್ತು. ಸರಿ ಎನ್ನುವವರಲ್ಲಿ ಶಾಂಭವಿಯದೇ ದೊಡ್ಡ ಗಂಟಲು. ಆಡಿಯೇ ತೋರಿಸುತ್ತೇನೆಂದು ಅವಳು ಹಟ ಹಿಡಿದಾಗ, ಆ ದಿನ ತರಗತಿ ನೋಡಿಕೊಳ್ಳಲು ಬಂದಿದ್ದ ಪಿ.ಟಿ. ಮಾಸ್ತರರು ತಾವೇ ಕೈದಿಯಾಗಿ ಕುರ್ಚಿಯಲ್ಲಿ ಕೂತು, ಕೈಗಳನ್ನು ಬೆನ್ನ ಹಿಂದೆ ಹೆಣೆದುಕೊಂಡರು. ಅವರು ಹಿಂದೆ ಸೈನ್ಯದಲ್ಲಿದ್ದವರು.

"ನಿಮ್ಮ ಮಂದಿ ಎಲ್ಲಿ ಅಡಗ್ಯಾರ, ಹೇಳಲೇ!" ಶಾಂಭವಿ ಮರದ ಸ್ಕೇಲು ಎತ್ತಿ ಗದರಿದಳು. ಮಾಸ್ತರರಿಗೇ ಏಕವಚನ! ತರಗತಿ ಗೊಳ್ಳೆಂದು ನಕ್ಕಿತು.

"ನಂಗೇನೂ ಗೊತ್ತಿಲ್ರಿ. ನಾ ಅಡಗಿ ಮಾಡಾಂವ."

"ಸುಳ್ಳು!"

"ಒಂದೀಟು ನೀರು ಕೊಡ್ರಿ. ಆಮ್ಯಾಲೆ ಎಷ್ಟು ಬೇಕಾದ್ರೂ ಹೊಡೀರಿ."

ನಗು ನಿಂತಿತು. ಸ್ಕೇಲು ಅಲುಗಿದಾಗಲೆಲ್ಲ ಮಾಸ್ತರರ ಭುಜಗಳು ಕಿವಿಯ ತನಕ ಏರುತ್ತಿದ್ದವು.

"ನನ್ನ ಮಗಳಿಗೆ ನಾಕು ವರ್ಷರಿ. ನಾ ಉಣಿಸದಿದ್ರ ಉಣ್ಣಂಗಿಲ್ಲರಿ ಅಕಿ."

ಶಾಂಭವಿಗೆ ಮುಂದಿನ ಪ್ರಶ್ನೆ ಕೇಳಲೂ ಆಗದು, ಹಿಂದೆ ಸರಿಯಲೂ ಆಗದು. ಇಡೀ ತರಗತಿ ಕಣ್ಣು ಕೀಲಿಸಿ ಕೂತಿತ್ತು. ಗಂಟೆಯಾದರೂ ಬಾರಿಸಬಾರದೇ ಎನಿಸಿತು. ಕೊನೆಗೆ ಸ್ಕೇಲನ್ನು ಮೇಜಿನ ಮೇಲಿಟ್ಟಳು.

"ತಪ್ಪಾತ್ರಿ ಸರ್," ಎಂದಳು. "ವೈರಿಗಳು ನಿಮ್ಮನ್ನ ಎಷ್ಟು ದಿನಾ ಹಿಡದಿಟ್ಟಿದ್ರು?"

ಮಾಸ್ತರರು ಕೈ ಬಿಡಿಸಿಕೊಂಡು ತಮ್ಮ ಬಲ ಅಂಗೈಯನ್ನೇ ನೋಡಿದರು.

"ಆ ಕೈದಿ ನಾ ಅಲ್ಲ, ತಂಗಿ. ನೀ ನಿಂತ ಜಾಗಾದಾಗ ನಾ ನಿಂತಿದ್ದೆ."