ಗ್ಲಾಸಿನಲ್ಲಿ ಇದ್ದದ್ದು

ನಾಸಿಕದ ಹತ್ತಿರದ ಓಝರ್ ಕನ್ನಡಿಗರ ವಾಟ್ಸಪ್ ಗುಂಪಿಗೆ ದಸ್ತಗೀರ ಹಾಕಿದ ಫೋಟೊಗೆ ಅರ್ಧ ತಾಸಿನಲ್ಲಿ ನಲವತ್ತು ನಗುಮುಖಗಳು ಬಂದವು. ದಿಂಡೋರಿಯ ವೈನರಿಯೊಂದನ್ನು ನೋಡಲು ಹೋದಾಗ ತೆಗೆದದ್ದು. ಅವನ ಜೊತೆ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಮಧುಕರ ಕುಲಕರ್ಣಿ, ಹಣೆಯಲ್ಲಿ ಅಂಗಾರ ಅಕ್ಷತೆ, ಕಣ್ಣು ಮುಚ್ಚಿ ಕೆಂಪು ಗ್ಲಾಸು ಎತ್ತಿದ್ದರು. ಕೆಳಗೆ ದಸ್ತಗೀರನ ಒಕ್ಕಣೆ: 'ರಾಯರ ತೀರ್ಥಸೇವನೆ.'

ಹೆಂಡತಿ ಶಮಶಾದಳಿಗೆ ತೋರಿಸಿದ. ಅವಳು ನಗಲಿಲ್ಲ.

"ಗ್ಲಾಸಿನ್ಯಾಗ ಏನಿತ್ತು? ತಪಾಸ ಮಾಡೀರೇನು?"

"ವೈನೋ, ದ್ರಾಕ್ಷಿ ರಸಾನೋ, ಯಾರಿಗೊತ್ತು? ಬರೇ ಮಸ್ಕಿರಿ."

"ವೈನಿದ್ರ ನೀವು ಮಾಡಿದ್ದು ಗೀಬತ್, ಬೆನ್ನ ಹಿಂದ ಒಬ್ಬರ ಐಬು ಆಡಿದಂಗ. ರಸ ಇದ್ರ ಬೊಹ್ತಾನ್, ಸುಳ್ಳು ಅಪವಾದ. ಅದು ಇನ್ನೂ ದೊಡ್ಡ ಗುನ್ಹಾ. ಬಾಯಿಲೆ ಹೇಳಿದ್ರೂ ಅಷ್ಟ, ಬೆರಳಿಲೆ ಒತ್ತಿದ್ರೂ ಅಷ್ಟ."

"ಅಲ್ಲಾಹನ ಹತ್ರ ಮಾಫಿ ಕೇಳ್ತೀನಿ ಬಿಡು."

"ಮೊದಲು ಅವರು ಮಾಫ್ ಮಾಡಬೇಕು. ಏಳ್ರಿ."

'ತಪ್ಪಾಯಿತು, ಎಲ್ಲರೂ ಆ ಫೋಟೊ ಅಳಿಸಿಬಿಡಿ' ಎಂದು ಗುಂಪಿಗೆ ಬರೆದು ದಸ್ತಗೀರ ಹೊರಟ. ಮಧುಕರರದು ಇನ್ನೂ ಗುಂಡಿ ಒತ್ತುವ ಹಳೇ ಮೊಬೈಲು; ಅವರಿಗೆ ಯಾವುದೂ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ದಸ್ತಗೀರನದು ಒಂದೇ ದುವಾ: ಯಾ ಅಲ್ಲಾಹ್, ರಾಯರು ಕುಡಿದದ್ದು ವೈನೇ ಆಗಿರಲಿ. ಜನ್ಮದಲ್ಲಿ ತಾನು ಮುಟ್ಟದ ವಸ್ತುವಿಗಾಗಿ ಹೀಗೆ ಬೇಡಿಕೊಳ್ಳುವಂತಾಯಿತಲ್ಲ ಎಂದು ಅವನಿಗೇ ನಾಚಿಕೆಯಾಯಿತು.

ಬಾಗಿಲು ತೆರೆದದ್ದು ಮಧುಕರರೇ. ಅಲ್ಲೇ ನಿಂತು ದಸ್ತಗೀರ ಎಲ್ಲ ಒಪ್ಪಿಕೊಂಡ. ಮುಗಿಸಿ ತಲೆ ಎತ್ತಿದರೆ, ಅವರ ಬೆನ್ನ ಹಿಂದೆಯೇ ಹೆಂಡತಿ ಭಾನುಮತಿ ನಿಂತಿದ್ದರು.

"ದ್ರಾಕ್ಷಿ ರಸ, ಭಾನೂ," ಎಂದರು ಮಧುಕರ, ಹಿಂದೆ ತಿರುಗಿಯೂ ನೋಡದೆ. "ಬರೇ ದ್ರಾಕ್ಷಿ ರಸ."

ದಸ್ತಗೀರ ಒಳಗೆ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಸಿದ. "ಖರೇನ ರಸಾನ?" ಅವನ ದನಿ ಅಳುವಂತಿತ್ತು. ಭಾನುಮತಿಗೆ ಪಾಪ ಎನ್ನಿಸಿ, ಏನಾದರೂ ತಿನ್ನಲು ತರುತ್ತೇನೆಂದು ಒಳಗೆ ಹೋದರು.

ಮಧುಕರ ಅವನ ಕಿವಿಗೆ ಬಾಗಿದರು. "ವೈನ್ ರೀ. ಎರಡು ಗ್ಲಾಸ್. ನಾ ಮಾಫ್ ಮಾಡೀನಿ, ನೀವು ಗಪ್ಪಿರ್ರಿ."

"ಅಲ್‌ಹಮ್ದುಲಿಲ್ಲಾಹ್!" ದಸ್ತಗೀರ ಎದ್ದು ನಿಂತುಬಿಟ್ಟ.

ಅವಲಕ್ಕಿ ಚೂಡಾದ ತಟ್ಟೆ ಹಿಡಿದು ಭಾನುಮತಿ ಓಡಿಬಂದರು. "ಏನಾತ್ರೀ ಅಣ್ಣಾರ? ರಾಯರು ಏನಂದ್ರು?"

ಅವರ ಹಿಂದಿನಿಂದ ಮಧುಕರ ಎರಡೂ ಕೈ ಜೋಡಿಸುತ್ತಿದ್ದರು. ಸುಳ್ಳು ಹೇಳುವಂತಿಲ್ಲ, ನಿಜವನ್ನಂತೂ ಹೇಳುವಂತೆಯೇ ಇಲ್ಲ. ದಸ್ತಗೀರ ತಟ್ಟೆಗೆ ಕೈಹಾಕಿ, ಹಿಡಿಸಿದಷ್ಟೂ ಚೂಡಾ ಬಾಯಿಗೆ ತುಂಬಿಕೊಂಡ.