ಒಂದು ಕಂತಿನ ಮಗ

ಆ ಧಾರಾವಾಹಿಯ ಅತಿಥಿ ಪಾತ್ರಗಳೆಂದರೆ ಮೊದಲಿನಿಂದಲೂ ಹಾಗೆಯೇ. ನಿರ್ಮಾಪಕರ ಭಾವಮೈದ ನ್ಯಾಯಾಧೀಶನಾಗಿ ಬಂದು ಆಕಳಿಸಿ ಹೋಗಿದ್ದ. ಸೆಟ್ಟಿಗೆ ಊಟ ತರುವ ಕಂಟ್ರಾಕ್ಟರ್ ಸ್ವಾತಂತ್ರ್ಯ ಹೋರಾಟಗಾರನಾಗಿ, ಹೊಟ್ಟೆ ಮುಂದೆ ಬಿಟ್ಟುಕೊಂಡು ಉಪವಾಸ ಸತ್ಯಾಗ್ರಹ ಕೂತಿದ್ದ. ಕಂತಿಗೊಬ್ಬ ಬೆಪ್ಪುತಕ್ಕಡಿ.

ಈ ಕಂತಿಗೆ ತಂದೆಯ ಹೆಣದ ಮುಂದೆ ಅಳುವ ಮಗ ಬೇಕಿತ್ತು. ಗೊತ್ತು ಮಾಡಿದ್ದ ನಟ ಬಂದಿರಲಿಲ್ಲ. ಅವನ ತಮ್ಮ ಬಂದು ಬಾಗಿಲಲ್ಲಿ ನಿಂತಿದ್ದ.

"ಸಾರ್, ಅಣ್ಣ..."

"ಅಣ್ಣ ಕೈಕೊಟ್ಟ, ಗೊತ್ತಾಯ್ತು ಬಿಡು. ಮುಖ ಅದೇ ಇದೆಯಲ್ಲ, ಸಾಕು," ಎಂದ ನಿರ್ದೇಶಕ.

ಯಾರೋ ಅವನಿಗೆ ಪಂಚೆ ಉಡಿಸಿದರು, ಇನ್ಯಾರೋ ಮುಖಕ್ಕೆ ಪೌಡರ್ ಬಳಿದರು. ಅವನು ಬಾಯಿ ತೆರೆದಾಗಲೆಲ್ಲ "ಸೈಲೆನ್ಸ್!" ಎಂಬ ಕೂಗು.

ಕ್ಯಾಮೆರಾ ಓಡಿತು. ಚಾಪೆಯ ಮೇಲೆ ಹೆಣವಾಗಿ ಮಲಗಿದ್ದ ಮುದುಕನನ್ನು ಅವನು ಸುಮ್ಮನೆ ನೋಡುತ್ತ ನಿಂತ. ಕಣ್ಣಲ್ಲಿ ಒಂದು ಹನಿ ಇಲ್ಲ.

"ಕಟ್! ಅಪ್ಪ ಸತ್ತವನ ಮುಖಾನೇನಯ್ಯ ಇದು? ಬಸ್ಸಿಗೆ ಕಾಯೋನ ಥರ ನಿಂತಿದ್ದೀಯ!"

ಹೆಣವೂ ನಕ್ಕಿತು.

"ಸಾರ್, ಒಂದ್ನಿಮಿಷ, ನಾನು..."

"ನಿನ್ನ ಮಾತು ಯಾರಿಗೆ ಬೇಕು? ಯಾವುದಾದ್ರೂ ಸಾವಿನ ಮನೆಗೆ ಹೋಗಿ, ಮಗ ಅನ್ನೋನು ಹೆಂಗಿರ್ತಾನೆ ಅಂತ ನೋಡ್ಕೊಂಡು ಬಾ, ಹೋಗು!"

ಅವನು ಪೌಡರನ್ನು ಅಂಗೈಯಿಂದ ಒರೆಸಿಕೊಂಡ.

"ಅಲ್ಲಿಂದಲೇ ಬಂದೆ ಸಾರ್. ನಮ್ಮಪ್ಪನ್ನ ಇನ್ನೂ ಎತ್ತಿಲ್ಲ, ಅಣ್ಣ ಇವತ್ತು ಬರಲ್ಲ ಅಂತ ಹೇಳೋಕೆ ಬಂದಿದ್ದೆ."