ಅಂಗೈ ಮೇಲಿನ ಅಮ್ಮ

"ಕೈ ಬಿಡಬೇಡ ಕಣೇ," ಎಂದಳು ಅಮ್ಮ. ಈಜುಕೊಳದಲ್ಲಿ ಅಂಗಾತ ಮಲಗಿದ್ದ ಅವಳ ಬೆನ್ನು ಮಗಳ ಅಂಗೈಗಳ ಮೇಲೆ ಹಲಗೆಯಂತೆ ಸೆಟೆದುಕೊಂಡಿತ್ತು.

"ಹಿಡ್ಕೊಂಡೇ ಇದೀನಮ್ಮ. ಕತ್ತು ಸಡಿಲ ಬಿಡು."

ಮುಂದೆ ಏನಾಗ್ತೀಯ ಎಂದು ದಿನ ಬೆಳಗಾದರೆ ಮಗಳನ್ನು ಕೇಳುತ್ತಿದ್ದ ಅಮ್ಮ ಅವಳು ಹೇಳಿದಂತೆ ಕತ್ತು ಸಡಿಲಿಸಿದಳು. ಈಜೊಂದು ಬಿಟ್ಟರೆ ಏನೂ ಬಾರದ, ಹತ್ತು ಗಂಟೆಯಾದರೂ ಹೊದಿಕೆ ಸರಿಸದ ಈ ಹದಿನಾರರ ಹುಡುಗಿಗೆ ಗೊತ್ತುಗುರಿಯಿಲ್ಲವೆಂದು ಮನೆಮಂದಿಯೆಲ್ಲ ಕೈಚೆಲ್ಲಿದ್ದರು. ಈಗ ಅವಳು ಉಸಿರನ್ನೂ ಮೆಲ್ಲಗೆ ಬಿಡುತ್ತ ನಿಂತಿದ್ದಳು. ಗಾಜಿನ ಮಾಡಿನಿಂದ ಇಳಿದ ಬಿಸಿಲು ನೀರಿನಲ್ಲಿ ನಡುಗಿ ಅಮ್ಮನ ಕೆನ್ನೆಯ ಮೇಲೆ ಬಲೆ ನೇಯುತ್ತಿತ್ತು. ಕೂದಲು ತಾನಾಗಿಯೇ ಬಿಚ್ಚಿಕೊಂಡು ಹರಡಿತು. ಬೆನ್ನು ಮೆತ್ತಗಾಯಿತು, ಅಷ್ಟು ಭಾರ ಎಲ್ಲಿ ಹೋಯಿತೋ! ಹುಡುಗಿ ಮೊದಲು ಒಂದು ಕೈ ತೆಗೆದಳು, ಆಮೇಲೆ ಇನ್ನೊಂದು. ಅಮ್ಮ ತೇಲುತ್ತಲೇ ಇದ್ದಳು, ಆಗಷ್ಟೇ ನಿದ್ದೆ ಹತ್ತಿದ ಕೂಸಿನ ಹಾಗೆ.

"ನಂಗೂ ಕಲಿಸ್ತೀಯೇನಮ್ಮಾ?" ಕೊಳದ ಮೆಟ್ಟಿಲಲ್ಲಿ ಕೂತು ನೋಡುತ್ತಿದ್ದ ಅಜ್ಜಿಯೊಬ್ಬರು ಕೇಳಿದರು. "ನೀರು ಕಂಡ್ರೆ ಜೀವ ಬಾಯಿಗೆ ಬರುತ್ತೆ ನಂಗೆ."

ಹುಡುಗಿ ತನ್ನ ಖಾಲಿ ಅಂಗೈಗಳನ್ನು ಯಾರದೋ ಎಂಬಂತೆ ನೋಡಿಕೊಂಡಳು.

"ನಾಳೆ ಬೆಳಿಗ್ಗೆ ಆರಕ್ಕೇ ಬನ್ನಿ ಅಜ್ಜಿ," ಎಂದಳು, "ನಾನು ಬಂದಿರ್ತೀನಿ."